ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಮುನ್ನ ಕಾವಲು ದುಗ್ಧಗ್ರಂಥಿಯ ಚಿತ್ರಣ: ಅರ್ಜಿದಾರರಿಗೆ ಮಾಹಿತಿ

ಸ್ತನ ಕ್ಯಾನ್ಸರ್ ಚಿಕಿತ್ಸೆಗಾಗಿ ಸರ್ಕಾರದ ನೆರವು ಕೋರುವ ಶಿವಮೊಗ್ಗ, ಭದ್ರಾವತಿ ನಗರಗಳ ಹಾಗೂ ತ್ಯಾವರೆಕೊಪ್ಪದಂತಹ ಗ್ರಾಮಗಳ ಮಹಿಳೆಯರ ವೈದ್ಯಕೀಯ ಪತ್ರಗಳಲ್ಲಿ 'ಸೆಂಟಿನೆಲ್ ನೋಡ್' ಎಂಬ ಪದವು ಕಂಡುಬರಬಹುದಾಗಿದೆ. ಸದರಿ ಪರೀಕ್ಷೆಯ ಉದ್ದೇಶ, ಅದು ಯಾರಿಗೆ ಅನ್ವಯಿಸುತ್ತದೆ ಹಾಗೂ ಅದಕ್ಕಾಗಿ ಕೈಗೊಳ್ಳಬೇಕಾದ ಸಿದ್ಧತೆಗಳನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಸ್ತನದಿಂದ ಹೊರಡುವ ದುಗ್ಧರಸವು ಬಹುಪಾಲು ಕಂಕುಳಿನ ಗ್ರಂಥಿಗಳ ಕಡೆಗೆ ಹರಿಯುತ್ತದೆ. ಈ ಹರಿವು ಮೊದಲು ತಲುಪುವ ಒಂದೆರಡು ಗ್ರಂಥಿಗಳಿಗೆ ಕಾವಲು ಗ್ರಂಥಿಗಳೆಂದು ಹೆಸರು. ಕ್ಯಾನ್ಸರ್ ಹರಡಿದ್ದಲ್ಲಿ ಸಾಮಾನ್ಯವಾಗಿ ಇವುಗಳನ್ನೇ ಮೊದಲು ಹೊಕ್ಕಿರುತ್ತದೆ. ಆದುದರಿಂದ ಇವುಗಳಲ್ಲಿ ರೋಗವಿಲ್ಲವೆಂದು ಕಂಡುಬಂದಲ್ಲಿ ಉಳಿದ ಗ್ರಂಥಿಗಳನ್ನು ಮುಟ್ಟುವ ಅಗತ್ಯ ಬೀಳುವುದಿಲ್ಲ.

ಹಿಂದೆ ಕಂಕುಳಿನ ಗ್ರಂಥಿಗಳನ್ನು ಬಹುತೇಕ ಎಲ್ಲರಿಗೂ ಸಾರಾಸಗಟಾಗಿ ತೆಗೆಯಲಾಗುತ್ತಿತ್ತು. ಹಾಗೆ ತೆಗೆಸಿಕೊಂಡ ಸುಮಾರು ಐವರು ಮಹಿಳೆಯರಲ್ಲಿ ಒಬ್ಬರಿಗೆ ಕೈ ಬಾವು ಬರುತ್ತದೆ. ಕಾವಲು ಗ್ರಂಥಿಯನ್ನು ಮಾತ್ರ ತೆಗೆದಲ್ಲಿ ಈ ಪ್ರಮಾಣವು ಸುಮಾರು ಇಪ್ಪತ್ತರಲ್ಲಿ ಒಬ್ಬರಿಗೆ ಇಳಿಯುತ್ತದೆ. ಅಡಿಕೆ ಸುಲಿಯುವ, ನಾಟಿ ಮಾಡುವ, ನೀರು ಹೊರುವ ಕೈಗೆ ಈ ವ್ಯತ್ಯಾಸವು ಚಿಕ್ಕದಲ್ಲ. ಒಮ್ಮೆ ಬಂದ ಬಾವು ಪೂರ್ತಿ ಇಳಿಯುವುದು ಕಷ್ಟ. ಅಮೆರಿಕ ಹಾಗೂ ಕೆನಡಾಗಳಲ್ಲಿ 5,611 ಮಹಿಳೆಯರನ್ನು ಒಳಗೊಂಡು ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾವಲು ಗ್ರಂಥಿಯು ಶುದ್ಧವಿದ್ದವರಲ್ಲಿ ಉಳಿದವುಗಳನ್ನು ಬಿಟ್ಟರೂ ಆಯುಸ್ಸಿಗೆ ಕುಂದು ಬರಲಿಲ್ಲವೆಂದು ಕಂಡುಬಂದಿದೆ.

ಗ್ರಂಥಿಯನ್ನು ಗುರುತಿಸುವ ವಿಧಾನವು ಈ ಕೆಳಗಿನಂತಿರುತ್ತದೆ. ಶಸ್ತ್ರಚಿಕಿತ್ಸೆಯ ದಿನ ಅಥವಾ ಅದರ ಹಿಂದಿನ ದಿನ, ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ವಸ್ತುವನ್ನು ಸೂಕ್ಷ್ಮ ಕಣಗಳೊಂದಿಗೆ ಬೆರೆಸಿ ಸ್ತನಕ್ಕೆ ಚುಚ್ಚಲಾಗುತ್ತದೆ. ಕಣಗಳು ದುಗ್ಧನಾಳದ ಮೂಲಕ ಸಾಗಿ ಕಾವಲು ಗ್ರಂಥಿಯಲ್ಲಿ ನಿಲ್ಲುತ್ತವೆ. ಗಾಮಾ ಕ್ಯಾಮೆರಾದ ಚಿತ್ರದಲ್ಲಿ ಆ ಸ್ಥಳವು ಚುಕ್ಕೆಯಾಗಿ ಮೂಡುತ್ತದೆ. ಶಸ್ತ್ರಚಿಕಿತ್ಸಕರು ಪೆನ್ನಿನಾಕಾರದ ಶೋಧಕವನ್ನು ಕಂಕುಳಿನ ಮೇಲೆ ಆಡಿಸಿ, ಅದರ ಸದ್ದಿನ ಏರಿಳಿತದಿಂದ ಗ್ರಂಥಿಯನ್ನು ಪತ್ತೆ ಹಚ್ಚುತ್ತಾರೆ. ಜೊತೆಗೆ ನೀಲಿ ಬಣ್ಣವನ್ನೂ ಚುಚ್ಚುವುದುಂಟು. ಆಗ ಮೂತ್ರವು ಒಂದೆರಡು ದಿನ ನೀಲಿ ಅಥವಾ ಹಸಿರಾಗಿ ಹೋದಲ್ಲಿ ಗಾಬರಿಪಡಬೇಕಾಗಿಲ್ಲ. ಆದರೆ ಅಲರ್ಜಿ ಇರುವವರು, ಗರ್ಭಿಣಿಯರು ಹಾಗೂ ಹಾಲುಣಿಸುವ ತಾಯಂದಿರು ಆ ವಿಷಯವನ್ನು ಮುಂಚಿತವಾಗಿಯೇ ವೈದ್ಯರಿಗೆ ತಿಳಿಸತಕ್ಕದ್ದು.

'ವಿಕಿರಣ' ಎಂಬ ಪದ ಕೇಳಿ ಪರೀಕ್ಷೆಯಿಂದ ಹಿಂಜರಿಯುವವರಿರುತ್ತಾರೆ. ಸದರಿ ವಸ್ತುವಿನ ಪ್ರಮಾಣವು ಅತ್ಯಲ್ಪವಾಗಿದ್ದು, ಪ್ರತಿ ಆರು ಗಂಟೆಗೆ ಅದರ ಕ್ರಿಯಾಶಕ್ತಿಯು ಅರ್ಧಕ್ಕೆ ಇಳಿಯುತ್ತದೆ. ಇದೇ ಕಾರಣದಿಂದ ಅದನ್ನು ಔಷಧಿ ಅಂಗಡಿಯಲ್ಲಿ ತಂದಿಡಲು ಸಾಧ್ಯವಿಲ್ಲ. ನ್ಯೂಕ್ಲಿಯರ್ ಮೆಡಿಸಿನ್ ವಿಭಾಗವಿರುವ ಕೇಂದ್ರಕ್ಕೇ ಹೋಗಬೇಕಾಗುತ್ತದೆ. ಆದಾಗ್ಯೂ, ಅಂತಹ ಕೇಂದ್ರವು ಹತ್ತಿರದಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಎಲ್ಲ ಗ್ರಂಥಿಗಳನ್ನೂ ತೆಗೆಯಲೇಬೇಕೆಂದಿಲ್ಲ. ಅನುಭವಿ ಶಸ್ತ್ರಚಿಕಿತ್ಸಕರು ನೀಲಿ ಬಣ್ಣವೊಂದರಿಂದಲೂ ಕಾವಲು ಗ್ರಂಥಿಯನ್ನು ಗುರುತಿಸಬಲ್ಲರು. ಈ ಬಗ್ಗೆ ಕೇಳುವುದು ರೋಗಿಯ ಹಕ್ಕಾಗಿರುತ್ತದೆ.

ಈ ಪರೀಕ್ಷೆಯು ಎಲ್ಲರಿಗೂ ಅನ್ವಯಿಸುವುದಿಲ್ಲ. ಕಂಕುಳಿನಲ್ಲಿ ಗಂಟು ಕೈಗೆ ಸಿಗುವಂತಿದ್ದು, ಅದರಲ್ಲಿ ರೋಗವಿದೆಯೆಂದು ಸೂಜಿ ಪರೀಕ್ಷೆಯಲ್ಲಿ ದೃಢಪಟ್ಟವರಿಗೆ ಚಿಕಿತ್ಸೆಯ ಕ್ರಮವೇ ಬೇರೆ. ತಡವಾಗಿ ಬರುವವರು ಈ ಅವಕಾಶದಿಂದ ವಂಚಿತರಾಗುವುದು ಇಲ್ಲಿಯೇ. ಮತ್ತೊಂದೆಡೆ, ಗಡ್ಡೆ ಚಿಕ್ಕದಿದ್ದು ಕಂಕುಳಿನ ಅಲ್ಟ್ರಾಸೌಂಡ್ ಶುದ್ಧವಿರುವ ಆಯ್ದ ಮಹಿಳೆಯರಲ್ಲಿ ಈ ಪರೀಕ್ಷೆಯನ್ನೂ ಕೈಬಿಡಬಹುದೆಂದು 2023 ಹಾಗೂ 2024ರಲ್ಲಿ ಪ್ರಕಟವಾದ ಐರೋಪ್ಯ ಅಧ್ಯಯನಗಳು ತೋರಿಸಿವೆ. ಸದರಿ ತೀರ್ಮಾನವು ವೈದ್ಯರಿಗೆ ಬಿಟ್ಟದ್ದು.

ನೆರವಿನ ಬಗ್ಗೆ: 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವಾರ್ಷಿಕ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿರುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವಾರ್ಷಿಕ ರೂ. 1.5 ಲಕ್ಷದ ಮಿತಿಗೊಳಪಟ್ಟು ದೊರೆಯುತ್ತದೆ. ಅರ್ಜಿದಾರರು ಪಡಿತರ ಚೀಟಿ ಹಾಗೂ ಆಧಾರ್‌ನೊಂದಿಗೆ ಮೊದಲು ಸರ್ಕಾರಿ ಆಸ್ಪತ್ರೆಗೆ, ಶಿವಮೊಗ್ಗದವರಾದಲ್ಲಿ ಮೆಗ್ಗಾನ್ ಬೋಧನಾ ಆಸ್ಪತ್ರೆಗೆ, ಹೋಗುವುದು ಸೂಕ್ತ. ಬೇರೆಡೆ ಚಿಕಿತ್ಸೆ ಅಗತ್ಯವಿದ್ದಲ್ಲಿ ಅಲ್ಲಿಂದಲೇ ರೆಫರಲ್ ಪತ್ರ ಪಡೆಯಬೇಕು. ಚಿತ್ರಣದ ವೆಚ್ಚವು ಮಂಜೂರಾದ ಪ್ಯಾಕೇಜಿನಲ್ಲಿ ಸೇರಿದೆಯೇ ಎಂಬುದನ್ನು ದಾಖಲಾಗುವ ಮುನ್ನವೇ ಆರೋಗ್ಯ ಮಿತ್ರರಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳತಕ್ಕದ್ದು. ದಾಖಲಾದ ನಂತರ ಕೇಳಿದಲ್ಲಿ ಕೈಯಿಂದ ಹಣ ತೆರಬೇಕಾದ ಸಂದರ್ಭ ಬರಬಹುದು.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಮುಂತಾದೆಡೆಗೆ ತೆರಳುವವರು ಬಯಾಪ್ಸಿ ವರದಿಯೊಂದಿಗೆ ಅದರ ಸ್ಲೈಡು ಹಾಗೂ ಬ್ಲಾಕ್‌ಗಳನ್ನು, ಮ್ಯಾಮೊಗ್ರಾಂ ವರದಿಯೊಂದಿಗೆ ಅದರ ಫಿಲಂಗಳನ್ನು ತಪ್ಪದೇ ಒಯ್ಯಬೇಕು. ವರದಿಯ ಹಾಳೆ ಮಾತ್ರ ಇದ್ದಲ್ಲಿ ಪರೀಕ್ಷೆಗಳನ್ನು ಮತ್ತೊಮ್ಮೆ ಮಾಡಬೇಕಾಗಿ ಬಂದು ದಿನಗಳು ವ್ಯರ್ಥವಾಗುತ್ತವೆ. ರಾಜ್ಯದೊಳಗಿನ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ 2023ರ ಜೂನ್ 11ರಿಂದ ಮಹಿಳೆಯರಿಗೆ ಪ್ರಯಾಣ ಉಚಿತವಾಗಿದೆ. ರೈಲಿನ ಸ್ಲೀಪರ್ ದರ್ಜೆಯಲ್ಲಿ ಚಿಕಿತ್ಸೆಗಾಗಿ ತೆರಳುವ ಕ್ಯಾನ್ಸರ್ ರೋಗಿಗೆ ಪೂರ್ಣ ಹಾಗೂ ಜೊತೆಗಾರರೊಬ್ಬರಿಗೆ ಶೇ. 75ರಷ್ಟು ರಿಯಾಯಿತಿ ಇದ್ದು, ಇದಕ್ಕೆ ಆಸ್ಪತ್ರೆಯು ನಿಗದಿತ ನಮೂನೆಯಲ್ಲಿ ನೀಡಿದ ಪ್ರಮಾಣಪತ್ರವನ್ನು ಹಾಜರುಪಡಿಸತಕ್ಕದ್ದು.