ರಾತ್ರಿ ಟಕ್ ಟಕ್ ಅನ್ನೋ ಹೀಟಿಂಗ್ ಪೈಪು

ಬಾಸ್ಟನ್, ನ್ಯೂಜೆರ್ಸಿ ಕಡೆ ಹಳೇ ಅಪಾರ್ಟ್‌ಮೆಂಟಿಗೆ ಹೊಸದಾಗಿ ಬಂದಿದ್ದೀರಾ? ಚಳಿ ಶುರುವಾದ ಕೂಡಲೇ ಗೋಡೆ ಒಳಗಿಂದ ಟಕ್... ಟಕ್... ಹೆದರಬೇಡಿ. ಹೀಟಿಂಗ್ ಆನ್ ಆದಾಗ ಬಿಸಿನೀರು ಹರಿದು ತಾಮ್ರದ ಪೈಪು ಹಿಗ್ಗುತ್ತೆ. 10 ಮೀಟರ್ ಪೈಪು 20 ಡಿಗ್ರಿ ಸೆಲ್ಸಿಯಸ್‌ನಿಂದ 80 ಡಿಗ್ರಿಗೆ ಕಾದ್ರೆ ಹೆಚ್ಚುಕಮ್ಮಿ 1 ಸೆಂಟಿಮೀಟರ್ ಉದ್ದ ಆಗುತ್ತೆ! ಹಿಗ್ಗೋಕೆ ಜಾಗ ಸಾಲದೆ ಮರದ ತೂತಿಗೋ ಕ್ಲ್ಯಾಂಪಿಗೋ ಉಜ್ಜಿಕೊಂಡು, ತಡೆದು ತಡೆದು ಜಾರುತ್ತೆ. ಅದೇ ಈ ಸದ್ದು.

ಪೈಪು ನೆಲದಿಂದ ಮೇಲೆ ಬರೋ ಜಾಗ ನೋಡಿ. ತೂತಿನ ಅಂಚಿಗೆ ತಾಗಿದ್ಯಾ? ಹೀಟಿಂಗ್ ಆಫ್ ಮಾಡಿ, ಪೈಪು ಪೂರ್ತಿ ತಣ್ಣಗಾದ ಮೇಲೆ ನಡುವೆ ಒಂದು ಫೆಲ್ಟ್ ತುಂಡು ತೂರಿಸಿ. ಎಷ್ಟೋ ಸಲ ಇಷ್ಟೇ ಸಾಕು.

ಗುಳುಗುಳು ಅಂದ್ರೆ ಒಳಗೆ ಗಾಳಿ ಸೇರಿದೆ. ರೇಡಿಯೇಟರ್ ತುದಿಯ ಪುಟ್ಟ ವಾಲ್ವಿಂದ ಅದನ್ನ ಹೊರಗೆ ಬಿಡಬೇಕು. ಆದ್ರೆ ಇಡೀ ಬಿಲ್ಡಿಂಗಿಗೆ ಒಂದೇ ಬಾಯ್ಲರ್ ಇದ್ರೆ ದಯವಿಟ್ಟು ನೀವು ಕೈ ಹಾಕಬೇಡಿ. ಪ್ರೆಶರ್ ಇಳಿದ್ರೆ ಮೇಲಿನ ಮನೆಯವರು ಚಳಿಯಲ್ಲಿ ನಡುಗಬೇಕಾಗುತ್ತೆ. ಮೇಂಟೆನೆನ್ಸ್‌ನವರನ್ನ ಕರೀರಿ.

ಢಂ ಅಂತ ಸುತ್ತಿಗೆ ಏಟಿನ ಹಾಗೆ ಕೇಳಿದ್ರೆ ಸುಮ್ಮನಿರಬೇಡಿ. ಫೋನಲ್ಲಿ ರೆಕಾರ್ಡ್ ಮಾಡಿ, ಎಷ್ಟು ಗಂಟೆಗೆ ಬಂತು ಅಂತ ಬರೆದು ಇವತ್ತೇ ಓನರ್‌ಗೆ ಇಮೇಲ್ ಹಾಕಿ.