ನಿಮಗಿದು ಗೊತ್ತೆ? ಈ ಗವರ್ನರ್ ಅಂಗಡಿಯಲ್ಲಿ ಕಲ್ಲೇ ಚಿಲ್ಲರೆ!

ಚಿಲ್ಲರೆ ಇಲ್ಲವೆಂದು ನಮ್ಮ ಅಂಗಡಿಯವರು ಚಾಕೊಲೇಟ್ ಕೈಗಿಡುತ್ತಾರೆ. ಅಮೆರಿಕದ ಆರೆಗಾನ್ ಸಿಟಿಯ ವ್ಯಾಪಾರಿ ಜಾರ್ಜ್ ಅಬರ್ನೆಥಿ ಕೊಡುತ್ತಿದ್ದದ್ದು ಕಲ್ಲು! ಚಕಮಕಿ ಕಲ್ಲಿನ ಚೂರಿಗೆ ಕಾಗದ ಅಂಟಿಸಿ, ಅದರ ಮೇಲೆ ತನ್ನ ಹೆಸರು ಮತ್ತು ಮೊತ್ತ ಬರೆಯುತ್ತಿದ್ದ. ಮುಂದಿನ ಸಲ ಆ ಕಲ್ಲು ತಂದರೆ ಅಷ್ಟು ಬೆಲೆಯ ಸಾಮಾನು ಸಿಗುತ್ತಿತ್ತು. ಜನ ಅವನ್ನು 'ಅಬರ್ನೆಥಿ ಕಲ್ಲುಗಳು' ಎಂದೇ ಕರೆದರು. ನಾಣ್ಯಕ್ಕೆ ಅಷ್ಟು ಬರ. ಅಲ್ಲಿ ಗೋಧಿಯೂ ಹಣವಾಗಿ ಓಡುತ್ತಿತ್ತು!

1840ರಲ್ಲಿ ಮೆಥಡಿಸ್ಟ್ ಮಿಷನ್ನಿನ ಲೆಕ್ಕಪತ್ರ ನೋಡಿಕೊಳ್ಳಲು ಹಡಗಿನಲ್ಲಿ ಬಂದಿಳಿದವನು ಈತ. 1845ರಲ್ಲಿ ವಲಸಿಗರು ಈತನನ್ನೇ ತಮ್ಮ ತಾತ್ಕಾಲಿಕ ಸರ್ಕಾರದ ಗವರ್ನರ್ ಆಗಿ ಆರಿಸಿದರು. ತಮಾಷೆಯೆಂದರೆ, ಆಗ ಆತ ಊರಲ್ಲೇ ಇರಲಿಲ್ಲ, ಹವಾಯಿ ದ್ವೀಪಗಳಲ್ಲಿದ್ದ. 1847ರಲ್ಲಿ ಮತ್ತೆ ಗೆದ್ದ, ಆದರೆ ಕೂದಲೆಳೆಯ ಅಂತರದಲ್ಲಿ. ಸೋತವನು ಏಸಾ ಲವ್‌ಜಾಯ್. ಪೋರ್ಟ್‌ಲ್ಯಾಂಡ್ ನಗರಕ್ಕೆ ಹೆಸರಿಡಲು ನಾಣ್ಯ ಚಿಮ್ಮಿದಾಗಲೂ ಸೋತಿದ್ದ ಪಾಪದ ಮನುಷ್ಯ!

1849ರಲ್ಲಿ ಅಮೆರಿಕ ಸರ್ಕಾರ ನೇಮಿಸಿದ ಗವರ್ನರ್ ಜೋಸೆಫ್ ಲೇನ್ ಬಂದು ಅಧಿಕಾರ ವಹಿಸಿಕೊಂಡ. ಆ ತಾತ್ಕಾಲಿಕ ಸರ್ಕಾರಕ್ಕೆ ಗವರ್ನರ್ ಆಗಿದ್ದವನು ಅಬರ್ನೆಥಿ ಒಬ್ಬನೇ. ಆರೆಗಾನ್ ಸಿಟಿಯಲ್ಲಿ ವಿಲಾಮೆಟ್ ನದಿಯ ಹೆದ್ದಾರಿ ಸೇತುವೆಗೆ ಇಂದಿಗೂ ಅವನದೇ ಹೆಸರು.