ಅಳಿಸುವ ಮುನ್ನ ಒಂದು ನಕಲು

ಹೋದ ಮಳೆಗಾಲದ ಒಂದು ಭಾನುವಾರ. ಕೊಪ್ಪದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ನರಸಿಂಹರಾಜಪುರದ ಕಡೆಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಾಯಿಯೊಂದಿಗೆ ಬಂದ. ಪಿಯುಸಿ ಎರಡನೇ ವರ್ಷದ ಚುರುಕು ಹುಡುಗ. ಕೊಡೆ ಮಡಚಿಟ್ಟವನೇ ಕಿಸೆಯಿಂದ ಮೊಬೈಲ್ ಫೋನ್ ತೆಗೆದು ನನ್ನ ಮುಂದಿಟ್ಟ. ಫೋನಿಗೇನೂ ಆಗಿರಲಿಲ್ಲ, ಚೆನ್ನಾಗಿಯೇ ನಡೆಯುತ್ತಿತ್ತು.

"ಸಾರ್, ಇದರಲ್ಲಿದ್ದದ್ದೆಲ್ಲ ಹೋಯ್ತು. ವಾಪಸ್ ಬರುತ್ತಾ?" ಎಂದ.

ತಾಯಿ ಮೆಲ್ಲಗೆ ಹೇಳಿದರು: "ಮೇಷ್ಟ್ರೇ, ಫೋಟೋ ಹೋದರೆ ಹೋಗಲಿ. ನಮ್ಮ ಮಾವನವರು ಹಾಡಿದ ಅಂಟಿಗೆ-ಪಿಂಟಿಗೆ ಪದ ಇದರಲ್ಲೇ ಇದ್ದದ್ದು. ಈಗ ಅವರೂ ಇಲ್ಲ."

ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುವ ಅಂಟಿಗೆ-ಪಿಂಟಿಗೆಯನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಅಜ್ಜಯ್ಯ ನೆನಪಿನಿಂದ ಹಾಡಿದ ಐದು ಪದಗಳನ್ನು ಮೊಮ್ಮಗ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದ.

ನಡೆದದ್ದಿಷ್ಟು. ವರ್ಷದ ಹಿಂದೆ ಅವನು ಗೆಳೆಯರ ಜೊತೆ ಸೇರಿ ಫೋನನ್ನು 'ರೂಟ್' ಮಾಡಿದ್ದ. ಬೇಡದ ಆಪ್‌ಗಳನ್ನು ಕಿತ್ತುಹಾಕಿದ್ದ. ಫೋನು ಹಗುರಾಗಿ ಓಡುತ್ತಿತ್ತು. ಆಮೇಲೆ ಹೊಸ ಆವೃತ್ತಿ ಬಂತು. 'ಅಪ್‌ಡೇಟ್' ಒತ್ತಿದರೆ ಅರ್ಧಕ್ಕೇ ನಿಲ್ಲುತ್ತಿತ್ತು. "ಕಂಪ್ಯೂಟರಿಗೆ ಜೋಡಿಸಿ ಪೂರ್ತಿ ಫರ್ಮ್‌ವೇರ್ ಹಾಕಿಬಿಡು" ಎಂದ ಒಬ್ಬ ಗೆಳೆಯ. ಇವನು ಹಾಕಿದ. ಫೋನು ಆಗತಾನೇ ಅಂಗಡಿಯಿಂದ ತಂದಂತೆ ಎದ್ದು, ಯಾವ ಭಾಷೆ ಬೇಕೆಂದು ಕೇಳಿತು!

ಅಳಿದದ್ದು ಏಕೆ ವಾಪಸ್ ಬರಲಿಲ್ಲ? ಅದನ್ನು ಹೇಗೆ ತಪ್ಪಿಸಬಹುದಿತ್ತು? ಫೋನಿನ ಒಳಗನ್ನು ಸ್ವಲ್ಪ ತಿಳಿದುಕೊಂಡರೆ ಎರಡಕ್ಕೂ ಉತ್ತರ ಸಿಗುತ್ತದೆ.

ಒಂದೇ ಬಟ್ಟೆ, ಹಲವು ಮಡಿಕೆ

ಕಂಪ್ಯೂಟರಿನ 'ಫೈಲ್'ಗೆ ನಾವು ಕನ್ನಡದಲ್ಲಿ 'ಕಡತ' ಎನ್ನುತ್ತೇವೆ. ಆದರೆ ಮೂಲದ ಕಡತ ಕಾಗದದ್ದಲ್ಲ, ಬಟ್ಟೆಯದು. ಹತ್ತಿ ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚುತ್ತಿದ್ದರು. ಆ ಕಪ್ಪು ಹಾಳೆಯ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಅಳಿಸಿ, ಹೊಸ ಲೇಪ ಬಳಿದು ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದ ಹಳೆಯ ದಾಖಲೆಗಳಲ್ಲಿ ಇಂಥ ಕಡತಗಳಿವೆ. ಇತಿಹಾಸಕಾರರು ಅವುಗಳನ್ನು ಓದಿ ಎಷ್ಟೋ ಸಂಗತಿಗಳನ್ನು ಬೆಳಕಿಗೆ ತಂದಿದ್ದಾರೆ.

ಫೋನಿನ ಸ್ಮೃತಿಕೋಶವೂ ಇಂಥದೇ ಒಂದು ಕಡತ. ಬಟ್ಟೆ ಒಂದೇ, ಮಡಿಕೆ ಹಲವು. ಈ ಮಡಿಕೆಗಳಿಗೆ 'ಪಾರ್ಟಿಷನ್' ಎಂದು ಹೆಸರು. ಒಂದು ಮಡಿಕೆಯಲ್ಲಿ ಫೋನನ್ನು ಎಬ್ಬಿಸುವ 'ಬೂಟ್' ಭಾಗ ಇರುತ್ತದೆ. ಇನ್ನೊಂದರಲ್ಲಿ ಫೋನನ್ನು ನಡೆಸುವ ಮೂಲ ತಂತ್ರಾಂಶ, ಅಂದರೆ 'ಸಿಸ್ಟಂ'. ಮತ್ತೊಂದು 'ಡೇಟಾ'. ನಿಮ್ಮ ಚಿತ್ರ, ಸಂದೇಶ, ಧ್ವನಿಮುದ್ರಣ, ಆಪ್‌ಗಳ ಲೆಕ್ಕಪತ್ರ ಎಲ್ಲವೂ ಇರುವುದು ಈ ಡೇಟಾ ಮಡಿಕೆಯಲ್ಲಿ.

ಯಂತ್ರವು 'ಹಾರ್ಡ್‌ವೇರ್', ಅದರ ಮೇಲೆ ನಡೆಯುವ ಕ್ರಮವಿಧಿ 'ಸಾಫ್ಟ್‌ವೇರ್'. ಇವೆರಡರ ನಡುವೆ, ಯಂತ್ರಕ್ಕೆ ಅಂಟಿಕೊಂಡೇ ಇರುವ ಕ್ರಮವಿಧಿಗೆ 'ಫರ್ಮ್‌ವೇರ್' ಎಂಬ ಹೆಸರನ್ನು 1967ರಲ್ಲಿ ಆಶರ್ ಆಪ್ಲರ್ ಎಂಬ ಕಂಪ್ಯೂಟರ್ ತಜ್ಞ ಬಳಕೆಗೆ ತಂದ. ಮೊಬೈಲಿನ ಮಾತಿನಲ್ಲಿ ಫರ್ಮ್‌ವೇರ್ ಎಂದರೆ ಬೂಟ್, ಸಿಸ್ಟಂ ಮೊದಲಾದ ಮಡಿಕೆಗಳ ಬರಹ. ಅದನ್ನು ನವೀಕರಿಸುವಾಗ ಅಳಿಸಿ ಬರೆಯಬೇಕಾದದ್ದು ಈ ಮಡಿಕೆಗಳನ್ನು ಮಾತ್ರ. ಡೇಟಾ ಮಡಿಕೆಯನ್ನು ಮುಟ್ಟಬೇಕಾಗಿಯೇ ಇಲ್ಲ. ಹುಡುಗನ ಕೈಯಲ್ಲಿ ಆದದ್ದು ಇಷ್ಟೆ: ಎರಡು ಮಡಿಕೆಗೆ ಬಳಿಯಬೇಕಾದ ಲೇಪವನ್ನು ಇಡೀ ಬಟ್ಟೆಗೆ ಬಳಿದುಬಿಟ್ಟ.

ಬೇರಿಗೆ ಕೈ ಹಾಕಿದರೆ

'ರೂಟ್' ಎಂದರೆ ಬೇರು. ಅಡಿಕೆ ತೋಟದವರಿಗೆ ಬೇರು ಎಂದೊಡನೆ ಬೇರುಹುಳ ನೆನಪಾಗಬಹುದು! ಇಲ್ಲಿಯ ಅರ್ಥ ಬೇರೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 'ಯುನಿಕ್ಸ್' ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟಲು ತೊಡಗಿದರು. ಅದರಲ್ಲಿ ಎಲ್ಲ ಕೋಣೆಗಳ ಬೀಗದ ಕೈ ಇರುವ ಯಜಮಾನನಿಗೆ 'ರೂಟ್' ಎಂದು ಹೆಸರು. ಯುನಿಕ್ಸ್‌ನ ಮಾದರಿಯಲ್ಲಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ 'ಲೈನಕ್ಸ್' ಹೊರತಂದ. ಅದರ ಮೇಲೆ ನಿಂತದ್ದು ಇಂದಿನ ಆಂಡ್ರಾಯ್ಡ್. ಆಂಡ್ರಾಯ್ಡ್‌ನ ಮೊದಲ ಫೋನು ಮಾರುಕಟ್ಟೆಗೆ ಬಂದದ್ದು 2008ರಲ್ಲಿ.

ಅಂಗಡಿಯಿಂದ ತರುವ ಫೋನಿನಲ್ಲಿ ಈ ಯಜಮಾನಿಕೆ ನಮ್ಮ ಕೈಗೆ ಸಿಗುವುದಿಲ್ಲ. ಅದನ್ನು ಪಡೆಯುವುದೇ 'ರೂಟ್' ಮಾಡುವುದು. ಸಾಮಾನ್ಯವಾಗಿ ಅದಕ್ಕೆ ಮೊದಲು 'ಬೂಟ್‌ಲೋಡರ್' ಎಂಬ ಹೆಬ್ಬಾಗಿಲ ಬೀಗ ತೆಗೆಯಬೇಕು. ತೆಗೆದ ಕ್ಷಣವೇ ಡೇಟಾ ಮಡಿಕೆ ಅಳಿದುಹೋಗುತ್ತದೆ. ಇದು ದೋಷವಲ್ಲ, ಬೇಕೆಂದೇ ಮಾಡಿದ ವ್ಯವಸ್ಥೆ. ಕದ್ದ ಫೋನಿನ ಬೀಗ ಒಡೆದವನಿಗೆ ಒಳಗಿನ ಸರಕು ಸಿಗಬಾರದಲ್ಲವೇ?

ಅಪ್‌ಡೇಟ್ ನಿಲ್ಲುವುದೇಕೆ?

ಹೊಸ ಆವೃತ್ತಿಯೆಂದು ಗಾಳಿಯಲ್ಲಿ ಬರುವುದು ಅನೇಕ ಸಲ ಪೂರ್ತಿ ಫರ್ಮ್‌ವೇರ್ ಅಲ್ಲ, ತೇಪೆ ಮಾತ್ರ. ತೇಪೆ ಹಚ್ಚುವ ಮೊದಲು ಹಳೆಯ ಬಟ್ಟೆ ತಾನು ಎಣಿಸಿದಂತೆಯೇ ಇದೆಯೇ ಎಂದು ಅದು ಪರೀಕ್ಷಿಸುತ್ತದೆ. 2014ರ ಆಂಡ್ರಾಯ್ಡ್ 5ರಿಂದ ಈ ಪರೀಕ್ಷೆ ಬಹಳ ಬಿಗಿಯಾಯಿತು. ಒಂದೊಂದೇ ಕಡತವನ್ನು ನೋಡುವ ಬದಲು ಇಡೀ ಮಡಿಕೆಯನ್ನೇ ಒಂದಾಗಿ ನೋಡುವ ಪದ್ಧತಿ ಬಂತು. ಸಿಸ್ಟಂನಲ್ಲಿ ಒಂದು ಆಪ್ ಕಿತ್ತಿದ್ದರೂ ಸಾಕು, ಲೆಕ್ಕ ತಪ್ಪುತ್ತದೆ, ಅಪ್‌ಡೇಟ್ ನಿಲ್ಲುತ್ತದೆ. ನಮ್ಮ ಹುಡುಗನಿಗೆ ಆದದ್ದು ಇದೇ.

2016ರಲ್ಲಿ ಜಾನ್ ವೂ ಎಂಬ ತರುಣ 'ಮ್ಯಾಜಿಸ್ಕ್' ಎಂಬ ಸಾಧನವನ್ನು ಹೊರತಂದ. ಅದು ಸಿಸ್ಟಂ ಮಡಿಕೆಯನ್ನು ಮುಟ್ಟದೆ ಬೂಟ್ ಭಾಗವನ್ನಷ್ಟೇ ತಿದ್ದಿ ಯಜಮಾನಿಕೆ ಕೊಡುತ್ತದೆ. ಅಪ್‌ಡೇಟ್‌ಗೆ ಮೊದಲು ಬೂಟ್ ಭಾಗದ ಮೂಲಪ್ರತಿಯನ್ನು ಮರಳಿ ಕೂರಿಸಿದರೆ ಲೆಕ್ಕ ಸರಿಹೋಗುತ್ತದೆ. ಅದೇ ವರ್ಷದ ಆಂಡ್ರಾಯ್ಡ್ 7ರಿಂದ ಕೆಲವು ಫೋನುಗಳಲ್ಲಿ ಈ ಮಡಿಕೆಗಳು ಜೋಡಿಯಾಗಿ ಬಂದವು. ಒಂದರಿಂದ ಫೋನು ನಡೆಯುತ್ತಿರುವಾಗಲೇ ಇನ್ನೊಂದರಲ್ಲಿ ಹೊಸ ಬರಹ ಬೀಳುತ್ತದೆ. ಫೋನನ್ನು ಮತ್ತೆ ಚಾಲೂ ಮಾಡಿದಾಗ ಹೊಸದರಿಂದ ಏಳುತ್ತದೆ.

ಅಳಿದದ್ದು ಬಾರದೇಕೆ?

ಹಿಂದಿನ ಕಂಪ್ಯೂಟರುಗಳಲ್ಲಿ ಅಳಿಸಿದ ಕಡತವನ್ನು ಜಾಣರು ಕೆಲವೊಮ್ಮೆ ಮರಳಿ ತರುತ್ತಿದ್ದರು. ಅಳಿಸಿದ ಮೇಲೂ ಬಳಪದ ಗುರುತು ಮಸುಕಾಗಿ ಉಳಿದಂತೆ ಅಲ್ಲಿ ಬರಹ ಉಳಿದಿರುತ್ತಿತ್ತು. ಇಂದಿನ ಫೋನುಗಳಲ್ಲಿ ಡೇಟಾ ಮಡಿಕೆಯ ಬರಹವೆಲ್ಲ ಗೂಢಲಿಪಿಯಲ್ಲಿರುತ್ತದೆ. ಅದನ್ನು ಓದುವ ಕೀಲಿ ಫೋನಿನ ಒಳಗಿನ ಭದ್ರ ಮೂಲೆಯೊಂದರಲ್ಲಿದ್ದು ನಿಮ್ಮ ಪಿನ್ ಅಥವಾ ಪಾಸ್‌ವರ್ಡ್‌ಗೆ ಹೆಣೆದುಕೊಂಡಿರುತ್ತದೆ. ಡೇಟಾ ಅಳಿಸಿದಾಗ ಆ ಕೀಲಿಯೂ ನಾಶವಾಗುತ್ತದೆ. ಆಮೇಲೆ ಚಿಪ್ಪನ್ನೇ ಕಿತ್ತು ಓದಿದರೂ ಸಿಗುವುದು ಅರ್ಥವಿಲ್ಲದ ಅಂಕೆಗಳ ರಾಶಿ. ಹೀಗಾಗಿ, ಎಷ್ಟು ದುಡ್ಡು ಕೊಟ್ಟರೂ ಅಜ್ಜಯ್ಯನ ದನಿ ಆ ಫೋನಿನಿಂದ ಹೊರಡಲಾರದು. ಇದನ್ನು ಹೇಳುವಾಗ ನನ್ನ ಗಂಟಲೂ ಕಟ್ಟಿತು.

ಮಾಡುವ ಕ್ರಮ

ರೂಟ್ ಆದ ಫೋನನ್ನು ನವೀಕರಿಸುವವರು ಪ್ರಯೋಗಶಾಲೆಯ ಶಿಸ್ತನ್ನು ಪಾಲಿಸಬೇಕು.

ಮೊದಲನೆಯದು ನಕಲು. ಚಿತ್ರ, ಧ್ವನಿ, ದಾಖಲೆಗಳನ್ನು ಫೋನಿನ ಹೊರಗೆ, ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ಹಾಕಿಕೊಳ್ಳಿ. ಫೋನಿನಲ್ಲೇ ಇನ್ನೊಂದು ಫೋಲ್ಡರಿನಲ್ಲಿಟ್ಟ ನಕಲು ನಕಲೇ ಅಲ್ಲ! ವಾಟ್ಸ್‌ಆ್ಯಪ್ ಮಾತುಕತೆಯ ಬ್ಯಾಕಪ್ಪನ್ನು ಬೇರೆಯಾಗಿ ತೆಗೆದುಕೊಳ್ಳಬೇಕು. ದೂರವಾಣಿ ಸಂಖ್ಯೆಗಳು ಸಿಮ್‌ನಲ್ಲಿವೆಯೋ ಗೂಗಲ್ ಖಾತೆಯಲ್ಲಿವೆಯೋ ಫೋನಿನಲ್ಲಷ್ಟೇ ಇವೆಯೋ ನೋಡಿಕೊಳ್ಳಿ. ಖಾತೆಗಳ ಪಾಸ್‌ವರ್ಡ್‌ಗಳನ್ನು ಕಾಗದದಲ್ಲಿ ಬರೆದು ಭದ್ರವಾಗಿಡಿ.

ಇಲ್ಲೊಂದು ಗುಂಡಿ ಇದೆ. ಬಹಳ ಮಂದಿ 'ಟಿಡಬ್ಲ್ಯುಆರ್‌ಪಿ' ಎಂಬ ಸಾಧನದಿಂದ ಡೇಟಾದ ಬ್ಯಾಕಪ್ ತೆಗೆದು ನಿಶ್ಚಿಂತರಾಗುತ್ತಾರೆ. ಆಪ್‌ಗಳು ಮತ್ತು ಅವುಗಳ ಲೆಕ್ಕಪತ್ರ ಅದರಲ್ಲಿ ಬರುತ್ತವೆ. ಆದರೆ ಆಂತರಿಕ ಸಂಗ್ರಹದಲ್ಲಿರುವ ಚಿತ್ರ, ಹಾಡು, ವಿಡಿಯೋಗಳು ಬರುವುದಿಲ್ಲ. ಅವನ್ನು ಕೈಯಾರೆ ನಕಲು ಮಾಡಬೇಕು.

ಎರಡನೆಯದು ಪರೀಕ್ಷೆ. ನಕಲು ಮಾಡಿದ ಕಡತಗಳಲ್ಲಿ ನಾಲ್ಕನ್ನಾದರೂ ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆಯದ ನಕಲಿನಿಂದ ಏನು ಪ್ರಯೋಜನ?

ಮೂರನೆಯದು ಸರಿಯಾದ ಫರ್ಮ್‌ವೇರ್. ಫೋನಿನ ಮಾದರಿ ಸಂಖ್ಯೆ ಅಕ್ಷರಕ್ಕೆ ಅಕ್ಷರ ತಾಳೆಯಾಗಬೇಕು. ಹೊಸದರಿಂದ ಹಳೆಯ ಆವೃತ್ತಿಗೆ ಇಳಿಯಲು ಹೋಗಬೇಡಿ. ಹಾಗೆ ಇಳಿದರೆ ಡೇಟಾ ಉಳಿಯುವುದಿಲ್ಲವೆಂದೇ ತಿಳಿಯಿರಿ. ಕೆಲವು ಫೋನುಗಳು ಏಳುವುದೂ ಇಲ್ಲ. ಬೇರೆಯವರು ಸಿದ್ಧಪಡಿಸಿದ 'ಕಸ್ಟಮ್ ರಾಮ್' ಬಳಸುವವರು ಅದರದೇ ಮುಂದಿನ ಆವೃತ್ತಿಯನ್ನು ಮೇಲೆ ಕೂರಿಸಬಹುದು. ಬೇರೊಂದು ರಾಮ್‌ಗೆ ಹಾರುವುದಾದರೆ ಡೇಟಾ ಅಳಿಸಲೇಬೇಕಾಗುತ್ತದೆ.

ನಾಲ್ಕನೆಯದು ವಿದ್ಯುತ್ತು. ನಮ್ಮ ಕಡೆ ಮಳೆಗಾಲದಲ್ಲಿ ಒಂದು ಮರ ತಂತಿಯ ಮೇಲೆ ಬಿದ್ದರೆ ಕರೆಂಟು ಎಷ್ಟು ಹೊತ್ತಿಗೆ ಬರುವುದೋ ಹೇಳಲಾಗದು. ಬರಹದ ನಡುವೆ ಕಂಪ್ಯೂಟರ್ ಆರಿದರೆ ಫೋನು ಅರೆಬರೆಯಾಗಿ ನಿಲ್ಲುತ್ತದೆ. ಬ್ಯಾಟರಿಯಿರುವ ಲ್ಯಾಪ್‌ಟಾಪನ್ನೇ ಬಳಸಿ, ಫೋನನ್ನೂ ತುಂಬ ಚಾರ್ಜ್ ಮಾಡಿಕೊಳ್ಳಿ. ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಾದ ಊರಿನವರು ಫರ್ಮ್‌ವೇರನ್ನು ಪೇಟೆಯಲ್ಲೇ ಪೂರ್ತಿ ಇಳಿಸಿಕೊಂಡು, ಕಡತದ ಗಾತ್ರ ಸರಿಯಿದೆಯೇ ಎಂದು ನೋಡಿಕೊಂಡು ಮನೆಗೆ ಹೋಗಲಿ.

ಐದನೆಯದು, ಅಳಿಸದಂತೆ ಬರೆಯುವುದು. ಎಲ್ಲವೂ ಒಂದು ಆಯ್ಕೆಯ ಮೇಲೆ ನಿಂತಿರುವುದು ಇಲ್ಲಿಯೇ. ಸ್ಯಾಮ್‌ಸಂಗ್ ಫೋನುಗಳಿಗೆ ಕಂಪ್ಯೂಟರಿನಿಂದ ಫರ್ಮ್‌ವೇರ್ ಹಾಕುವಾಗ ಕೊನೆಯ ಕಡತದಲ್ಲಿ ಎರಡು ಬಗೆ: 'ಸಿಎಸ್‌ಸಿ' ಆರಿಸಿದರೆ ಡೇಟಾ ಅಳಿಯುತ್ತದೆ, 'ಹೋಮ್ ಸಿಎಸ್‌ಸಿ' ಆರಿಸಿದರೆ ಉಳಿಯುತ್ತದೆ. ಗೂಗಲ್ ಕಂಪನಿಯ ಪಿಕ್ಸೆಲ್ ಫೋನುಗಳ ಫರ್ಮ್‌ವೇರಿನ ಜೊತೆ ಬರುವ ಆದೇಶಪಟ್ಟಿಯಲ್ಲಿ 'ಡಬ್ಲ್ಯು' ಎಂಬ ಒಂದಕ್ಷರದ ಸೂಚನೆ ಇರುತ್ತದೆ. ಅದೇ ಅಳಿಸುವ ಆಜ್ಞೆ. ಅದನ್ನು ತೆಗೆದು ನಡೆಸಿದರೆ ಡೇಟಾ ಹಾಗೇ ಇರುತ್ತದೆ. ಒಂದಕ್ಷರಕ್ಕೆ ಎಷ್ಟು ಬೆಲೆ ನೋಡಿ! 'ವೈಪ್', 'ಫಾರ್ಮ್ಯಾಟ್', 'ಇರೇಸ್' ಎಂಬ ಪದ ಎಲ್ಲಿ ಕಂಡರೂ ಕೈ ನಿಲ್ಲಿಸಿ, ಎರಡು ಸಲ ಓದಿ.

ಕೊನೆಯದು ರೂಟ್. ಹೊಸ ಫರ್ಮ್‌ವೇರ್ ಬಿದ್ದಾಗ ಯಜಮಾನಿಕೆ ಹೋಗುವುದು ಸಹಜ. ಮೊದಲು ಫೋನು ಸರಿಯಾಗಿ ಏಳಲಿ. ಪಿನ್ ಒತ್ತಿ ಒಳಹೊಕ್ಕು ಎಲ್ಲವೂ ಇದೆಯೇ ನೋಡಿ. ಅನಂತರ ಬೇಕಿದ್ದರೆ, ಅದೇ ಹೊಸ ಆವೃತ್ತಿಯ ಬೂಟ್ ಭಾಗವನ್ನು ತಿದ್ದಿ ಹಾಕಿ. ಹಳೆಯ ಆವೃತ್ತಿಯ ಬೂಟ್ ಭಾಗ ಹಾಕಿದರೆ ಫೋನು ಏಳುತ್ತ ಬೀಳುತ್ತ ಸುತ್ತು ಹೊಡೆಯತೊಡಗಬಹುದು.

ತಂದೆತಾಯಂದಿರಿಗೆ

ಮಗ ಫೋನು ಬಿಚ್ಚಿ ನೋಡುತ್ತಾನೆಂದು ಗದರಬೇಡಿ. ನಾವು ರೇಡಿಯೋ ಬಿಚ್ಚಿದವರಲ್ಲವೇ? ಆದರೆ ಒಂದು ಮಾತು. ರೂಟ್ ಆದ ಫೋನಿನಲ್ಲಿ ಕೆಟ್ಟ ಆಪ್ ಹೊಕ್ಕರೆ ಅದಕ್ಕೂ ಎಲ್ಲ ಕೋಣೆಗಳ ಕೀಲಿ ಸಿಗಬಹುದು. ಈ ಕಾರಣಕ್ಕೇ ಹಲವು ಬ್ಯಾಂಕುಗಳ ಆಪ್‌ಗಳು ಅಂಥ ಫೋನಿನಲ್ಲಿ ನಡೆಯಲು ಒಪ್ಪುವುದಿಲ್ಲ. ಮನೆಯ ಹಣದ ವ್ಯವಹಾರವಿರುವ ಫೋನು ಪ್ರಯೋಗಕ್ಕಲ್ಲ. ಮಕ್ಕಳಿಗೆ ಕಲಿಯಲು ಹಳೆಯದೊಂದು ಫೋನು ಕೊಡಿ. ಮತ್ತು ಕೇಳಿ: "ನಕಲು ತೆಗೆದಿಟ್ಟೆಯಾ? ತೋರಿಸು." ಈ ಪ್ರಶ್ನೆ ಕೇಳಲು ತಂತ್ರಜ್ಞಾನ ಗೊತ್ತಿರಬೇಕಾಗಿಲ್ಲ.

ಹುಡುಗನ ಕತೆಗೆ ಒಂದು ಬಾಲವಿದೆ. ಹೊರಡುವಾಗ ನಾನು ಕೇಳಿದೆ: "ಆ ಪದಗಳನ್ನು ಯಾರಿಗಾದರೂ ಕಳಿಸಿದ್ದೆಯೇನೋ?" ತಾಯಿಗೆ ಥಟ್ಟನೆ ನೆನಪಾಯಿತು. ಶೃಂಗೇರಿಯಲ್ಲಿರುವ ನಾದಿನಿಗೆ ದೀಪಾವಳಿಯಂದು ಒಂದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರಂತೆ. ಅಲ್ಲೇ ಜಗಲಿಯಿಂದ ಫೋನು ಮಾಡಿದರು. ಸಂಜೆಯ ಹೊತ್ತಿಗೆ ಅದು ಬಂತು. ಐದರಲ್ಲಿ ಒಂದು ಉಳಿದಿತ್ತು.

ಮುಂದಿನ ವಾರ ಹುಡುಗ ಒಬ್ಬನೇ ಬಂದ. ಆ ಒಂದು ಪದವನ್ನು ಎರಡು ಪೆನ್‌ಡ್ರೈವಿಗೆ ಹಾಕಿಕೊಂಡು, ಒಂದನ್ನು ನನ್ನ ಬಳಿ ಇಟ್ಟು ಹೋದ. "ನಿಮ್ಮ ಹತ್ತಿರವೂ ಇರಲಿ ಸಾರ್" ಎಂದ. ಅವನಿಗೆ ನಾನು ಇನ್ನೇನೂ ಕಲಿಸಬೇಕಾಗಿರಲಿಲ್ಲ.